ಬೇಸಿಗೆಯ ಮೂರು ಗಂಟೆ

"ಈ ಮಂಗಳವಾರನೂ ಆಗಲ್ಲಮ್ಮಾ, ಅದ್ವಿಕ್‌ಗೆ ಹೊಟ್ಟೆ ಸರಿಯಿಲ್ಲ," ಎಂದರು ಪದ್ಮಿನಿ ಆಂಟಿ, ಕ್ವೇಕರ್ಸ್ ಹಿಲ್‌ನ ಮನೆಯಿಂದ ಫೋನಿನಲ್ಲಿ. ಅವರ ಹಿಂದೆ ಮೊಮ್ಮಗ ಕೇಕೆ ಹಾಕಿ ನಗುತ್ತಿದ್ದ. ಹೊಟ್ಟೆ ಸರಿಯಿಲ್ಲದ ಮಗು ಹಾಗೆ ನಗುವುದಿಲ್ಲ.

ಅದೇ ಊರಿನ ಇನ್ನೊಂದು ಬಡಾವಣೆ ನಾರ್ವೆಸ್ಟ್‌ನ ಆಫೀಸಿನಲ್ಲಿದ್ದ ಅಹಲ್ಯಾ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಸರ್ಕಾರದ ಖರ್ಚಿನಲ್ಲಿ ಮಕ್ಕಳಿಗೆ ಸಿಗುವ ಥೆರಪಿಗೆ ಕ್ಲಿನಿಕ್ ಹುಡುಕಿ, ಅಪಾಯಿಂಟ್‌ಮೆಂಟ್ ಹೊಂದಿಸಿಕೊಡುವುದು ಅವಳ ಕೆಲಸ. ಎರಡು ವರ್ಷ ದಾಟಿದರೂ ಹೆಜ್ಜೆಯಿಡದ ಅದ್ವಿಕ್‌ಗಾಗಿ ಊರೆಲ್ಲ ಜಾಲಾಡಿ, ಟೂಂಗಾಬಿಯಲ್ಲಿ ಫಿಸಿಯೋಥೆರಪಿಸ್ಟ್ ಒಬ್ಬಳನ್ನು ಹಿಡಿದಿದ್ದಳು. ಆಕೆಗೆ ಬಿಡುವಿದ್ದದ್ದು ಮಂಗಳವಾರ ಮಧ್ಯಾಹ್ನ ಮೂರಕ್ಕೆ ಮಾತ್ರ. ಒಮ್ಮೆ ಜ್ವರ, ಒಮ್ಮೆ ನೆಂಟರು, ಈಗ ಹೊಟ್ಟೆ. ಈ ವಾರವೂ ತಪ್ಪಿದರೆ ಆ ಜಾಗ ಬೇರೆ ಮಗುವಿನ ಪಾಲು.

ಮಂಗಳವಾರ, ಮೂರು ಗಂಟೆ. ಅಹಲ್ಯಾಗೆ ತಟ್ಟನೆ ಮೈಸೂರಿನ ಅಮ್ಮನ ಅಡುಗೆಮನೆಯ ಕ್ಯಾಲೆಂಡರ್ ನೆನಪಾಯಿತು.

"ಆಂಟಿ, ನಿಜ ಹೇಳಿ. ಮಂಗಳವಾರ ಮೂರಕ್ಕೆ ರಾಹುಕಾಲ ಶುರು ಅಂತ ತಾನೇ?"

"ಮಗ ಸೊಸೆಗೆ ಹೇಳ್ಬೇಡಮ್ಮಾ, ನಗ್ತಾರೆ. ಮಗೂಗೆ ನಡಿಯೋದು ಕಲಿಸೋ ಕೆಲಸ. ಅದನ್ನ ರಾಹುಕಾಲದಲ್ಲಿ ಶುರು ಮಾಡು ಅಂದ್ರೆ ನಂಗೆ ಧೈರ್ಯ ಬರಲ್ಲ."

ಅಹಲ್ಯಾಗೆ ನಗುವೂ ಬಂತು, ಸಿಟ್ಟೂ ಬಂತು. ಆದರೆ ಆ ದನಿಯಲ್ಲಿದ್ದ ಭಯ ಸುಳ್ಳಲ್ಲ. ಹೊತ್ತೆಷ್ಟೆಂದು ಗೋಡೆಯತ್ತ ನೋಡಿದಳು. ಅಕ್ಟೋಬರ್‌ನಲ್ಲೇ ಬೇಸಿಗೆ ಹತ್ತಿರವಾಗುವ ಈ ದೇಶದಲ್ಲಿ, ಸಂಜೆಯ ಬೆಳಕು ಹೆಚ್ಚು ಹೊತ್ತು ಸಿಗಲೆಂದು, ಭಾನುವಾರವಷ್ಟೇ ಊರಿಗೆ ಊರೇ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿತ್ತು. ಆಫೀಸಿನ ಈ ಗೋಡೆ ಗಡಿಯಾರವನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ.

"ಆಂಟಿ! ಭಾನುವಾರ ಮುಂದೆ ಹೋಗಿದ್ದು ಗಡಿಯಾರ, ಸೂರ್ಯ ಅಲ್ಲ. ಈಗಿನ ಮೂರು ಅಂದ್ರೆ ಸೂರ್ಯನ ಲೆಕ್ಕದಲ್ಲಿ ಎರಡೇ. ರಾಹು ಬರೋ ಹೊತ್ತಿಗೆ ನಿಮ್ ಸೆಶನ್ ಮುಗಿದಿರತ್ತೆ."

"ಅಯ್ಯೋ, ಹೌದಲ್ವೇ! ರಾಹು ಏನು ಸರ್ಕಾರದ ಗಡಿಯಾರ ನೋಡ್ತಾನಾ?" ಆಂಟಿ ನಕ್ಕರು. "ಹಾಗಾದ್ರೆ ಹೊಟ್ಟೆ ಸರಿಹೋಯ್ತು ಬಿಡು."

ಆಮೇಲೆ ಒಂದು ಮಂಗಳವಾರವೂ ತಪ್ಪಲಿಲ್ಲ. ಅದ್ವಿಕ್ ಗೋಡೆ ಹಿಡಿದು ನಿಂತ. ಕ್ರಿಸ್‌ಮಸ್ ಕಳೆಯುವಷ್ಟರಲ್ಲಿ ಸೋಫಾ ಹಿಡಿದು ಸುತ್ತು ಹೊಡೆದ. ಆಂಟಿ ವಾರವಾರ ವಿಡಿಯೊ ಕಳಿಸುತ್ತಿದ್ದರು. ರಾಹುಕಾಲ ಇನ್ನೂ ಶುರುವಾಗಿಲ್ಲ ಎಂದು ತೋರಿಸಲು ಚಾಚಿದ ಅವರ ಎಡಗೈಯ ವಾಚೇ ಪರದೆಯ ಅರ್ಧ ತುಂಬ ಕಾಣುತ್ತಿತ್ತು.

ಏಪ್ರಿಲ್‌ನಲ್ಲಿ ಗಡಿಯಾರಗಳು ಹಿಂದಕ್ಕೆ ಬಂದವು. ಮೂರು ಗಂಟೆ ಮತ್ತೆ ನಿಜವಾದ ಮೂರಾಯಿತು. ಆ ಮಂಗಳವಾರ ಬೆಳಗಿನಿಂದ ಅಹಲ್ಯಾ ಆಂಟಿಯ ಫೋನ್ ಬಂದೀತೆಂದು ಹೆದರುತ್ತಲೇ ಕೂತಿದ್ದಳು. ಬರಲಿಲ್ಲ. ಊಟವಾದ ಮೇಲೆ ತಡೆಯಲಾರದೆ ಕಾರು ಹತ್ತಿ ಟೂಂಗಾಬಿಗೆ ಹೋದಳು.

ಆಗಲೇ ಮೂರು ದಾಟಿತ್ತು. ಕ್ಲಿನಿಕ್‌ನ ನಡುಕೋಣೆಯಲ್ಲಿ ಅದ್ವಿಕ್ ಯಾರ ಆಸರೆಯೂ ಇಲ್ಲದೆ ತೂರಾಡುತ್ತ ನಡೆಯುತ್ತಿದ್ದ. "ಬಾ ಕಂದಾ, ಬಾ ಬಾ!" ಎಂದು ಆಂಟಿ ಕರೆದರು.

"ಕಮಿಂಗ್, ಅಜ್ಜಿ!"

ಅಹಲ್ಯಾಳ ಕಣ್ಣು ಖುಷಿಯಿಂದ ತುಂಬಿಬಂತು. ಎದುರಿಗೆ ಮಂಡಿಯೂರಿದ್ದ ಆಂಟಿ ಎರಡೂ ತೋಳು ಚಾಚಿದ್ದರು. ಅವರ ಎಡಗೈ ಖಾಲಿಯಿತ್ತು. ಮಣಿಕಟ್ಟಿನಲ್ಲಿ ವಾಚಿದ್ದ ಜಾಗ ಮಾತ್ರ ತೆಳ್ಳಗೆ, ಬೆಳ್ಳಗೆ ಕಾಣುತ್ತಿತ್ತು.