ಉಡಚಪ್ಪನ ಚಕಮಕಿ ಒರೆ

ಉಡಚಪ್ಪನ ಬಲಗೈಗೆ ಹೆಬ್ಬೆರಳಿರಲಿಲ್ಲ. ಚಿಕ್ಕವನಿದ್ದಾಗ ಗಾಡಿಯ ಗಾಲಿಗೆ ಸಿಕ್ಕು ಹೋಗಿತ್ತು. ಅದರಿಂದ ಉಣ್ಣುವುದಕ್ಕಾಗಲಿ ಕುರಿ ಕಾಯುವುದಕ್ಕಾಗಲಿ ತೊಂದರೆಯಿರಲಿಲ್ಲ. ಚಕಮಕಿ ಹೊಡೆಯುವುದೊಂದು ಆಗುತ್ತಿರಲಿಲ್ಲ. ಒಂದು ಕೈಯಲ್ಲಿ ಕಲ್ಲು ಹಿಡಿದು ಅದರ ಮೇಲೆ ಸುಟ್ಟ ಹತ್ತಿಯನ್ನು ಹೆಬ್ಬೆರಳಿನಿಂದ ಒತ್ತಿಕೊಳ್ಳಬೇಕು, ಇನ್ನೊಂದು ಕೈಯಲ್ಲಿ ಉಕ್ಕಿನ ತುಂಡು ಹಿಡಿದು ಕುಟ್ಟಬೇಕು. ಇಷ್ಟು ವರ್ಷ ಅವನ ಹೆಂಡತಿ ಅಡಿವೆವ್ವ ಬೇಸಿಗೆಗೆ ಕೊಣ್ಣೂರಿನ ಹೊಳೆದಂಡೆಗೆ ಹಿಂಡಿನ ಜೊತೆ ಹೋಗಿ, ರಾತ್ರಿ ತೋಳ ಬರದಂತೆ ಬೆಂಕಿ ಮಾಡುತ್ತಿದ್ದಳು. ಈ ಸಲ ಅವಳು ಬಸುರಿ, ಶಿವರಾತ್ರಿಗೆ ಏಳು ತಿಂಗಳು ತುಂಬುತ್ತಿತ್ತು.

"ಬೆಂಕಿ ಮಾಡಾಕ ಬರದವನ ಕೈಯಾಗ ಕುರಿ ಕೊಟ್ಟು ಕಳಸ್ತೀಯೇನ? ನನ್ನ ಹಿಂಡಿನಾಗ ಕೂಡಸು," ಎಂದು ಅವಳಿಗೆ ಹೇಳಿದ್ದ ಉಡಚಪ್ಪನ ಅಣ್ಣ. ಕೂಡಿಸಿದರೆ ಹುಟ್ಟಿದ ಮರಿಗಳಲ್ಲಿ ಅರ್ಧ ಅವನಿಗೆ. ಕುರಿಗಳೋ ಅಡಿವೆವ್ವನಿಗೆ ತವರಿನಿಂದ ಬಂದವು. ಅವಳು ಗಂಡನನ್ನು ಎಳೆದುಕೊಂಡು ಗಜೇಂದ್ರಗಡದ ಜಂಗ್ಲಿಸಾಬನ ಅಂಗಡಿಗೆ ಬಂದಳು. ಜಂಗ್ಲಿಸಾಬ ಕುದುರೆಯ ಜೀನು, ಬಾರುಕೋಲು, ಚಾಕುವಿನ ಒರೆ ಹೊಲಿಯುವವನು.

"ಒಂದು ಕಡ್ಡಿಪೆಟ್ಟಿಗಿ ಕೊಡಸವಾ, ಮುಗೀತು," ಅಂದ ಅವನು.

"ಕೊಣ್ಣೂರ ಹೊಳಿದಂಡಿ ಗಾಳಿಯಾಗ ಹೆಬ್ಬಟ್ಟು ಮಡಚಿ ನೀ ಕಡ್ಡಿ ಕೊರದು ತೋರಸು ಕಾಕಾ. ಹತ್ತು ಪೆಟ್ಟಿಗಿ ಕೊಡಸ್ತೀನಿ."

ಅವಳಿಗೆ ಬೇಕಾದದ್ದು ಇಷ್ಟೇ: ಚಾಕುವಿನ ಒರೆಗೆ ಹೊಂದಿಸಿ ಒಂದು ಸಣ್ಣ ತೊಗಲಿನ ಚೀಲ. ಅದರ ಬಾಯಿ ಕಲ್ಲನ್ನು ಅಲ್ಲಾಡದಂತೆ ಕಚ್ಚಿ ಹಿಡಿದಿರಬೇಕು, ಕಲ್ಲಿನ ಬೆನ್ನಿಗೆ ಹತ್ತಿ ತುರುಕಿರಬೇಕು. ಒರೆಯನ್ನು ಎರಡು ಮೊಣಕಾಲ ನಡುವೆ ಒತ್ತಿಕೊಂಡು ಎಡಗೈಯಿಂದ ಉಕ್ಕು ಕುಟ್ಟಿದರೆ ಕಿಡಿ ಹತ್ತಿಗೆ ಹಾರಬೇಕು.

ಮೊದಲನೆಯದನ್ನು ಜಂಗ್ಲಿಸಾಬ ಎಡಸೊಂಟಕ್ಕೆ ಕಟ್ಟುವ ಹಾಗೆ ಹೊಲಿದ.

"ಎಲ್ಲಾರೂ ಎಡಕ್ಕ ಕಟ್ಟತಾರವಾ."

"ಎಲ್ಲಾರಿಗೂ ಹೆಬ್ಬಟ್ಟು ಐತಿ. ಇವರು ಚಾಕು ಹಿರಿಯೂದು ಎಡಗೈಲೆ."

"ಇರ್ಲಿ ಬಿಡ, ನಡೀತೈತಿ," ಅಂದ ಉಡಚಪ್ಪ.

"ನಿಮಗ ಎಲ್ಲಾನೂ ನಡೀತೈತಿ!" ಎಂದು ಅವಳು ಒರೆಯನ್ನು ಅಲ್ಲೇ ಬಿಟ್ಟು ಬಂದಳು.

ಎರಡನೆಯದರಲ್ಲಿ ಚೀಲದ ಬಾಯಿ ಕೆಳಮುಖವಾಗಿತ್ತು. ಮನೆ ಮುಟ್ಟುವುದರೊಳಗೆ ಹತ್ತಿಯೆಲ್ಲ ದಾರಿಯುದ್ದಕ್ಕೂ ಉದುರಿ ಹೋಗಿತ್ತು, ಹೊತ್ತುಕೊಂಡವನಿಗೆ ಗೊತ್ತೇ ಆಗಿರಲಿಲ್ಲ. ಆಮೇಲೆ ಜಂಗ್ಲಿಸಾಬನ ಸಬೂಬುಗಳು ಸುರುವಾದವು. ಒಮ್ಮೆ ದಾರವಿಲ್ಲ, ಒಮ್ಮೆ ಉರುಸು, ಒಮ್ಮೆ ಕಣ್ಣುಬೇನೆ.

"ಮುಂಬಯಿ ಸರಕಾರ ಹೋಗಿ ಮೈಸೂರ ಸರಕಾರ ಬಂತು. ನಿನ್ನ ಒರಿ ಬರಲಿಲ್ಲ."

"ಸರಕಾರಕ್ಕ ನಿನ್ನಂಥಾ ಗಿರಾಕಿ ಗಂಟು ಬಿದ್ದಿರಲಿಲ್ಲ ಬಿಡವಾ."

ಅಂತೂ ಶಿವರಾತ್ರಿ ಹತ್ತಿರ ಬಂದಾಗ ಮೂರನೆಯದು ಮುಗಿಯಿತು. ಈ ಸಲ ಅವನು ಎಮ್ಮೆಯ ತೊಗಲನ್ನು ನೆನೆಸಿ, ಕಲ್ಲಿನ ಮೇಲೆಯೇ ಎಳೆದು ಹುರಿ ಬಿಗಿದು, ನೆರಳಲ್ಲಿ ಒಣಗಿಸಿದ್ದ. ಒಣಗಿ ಕುಗ್ಗಿದ ತೊಗಲು ಕಲ್ಲನ್ನು ನಾಯಿ ಎಲುಬು ಹಿಡಿದಂತೆ ಹಿಡಿದಿತ್ತು. ಉಡಚಪ್ಪ ಅಂಗಡಿಯ ಕಟ್ಟೆಯ ಮೇಲೆ ಕೂತು ಮೊಣಕಾಲಲ್ಲಿ ಒತ್ತಿಕೊಂಡು ಕುಟ್ಟಿದ. ಹತ್ತಿ ಕೆಂಪಗಾಯಿತು. ಅದರಲ್ಲೇ ಬೀಡಿ ಹಚ್ಚಿಕೊಂಡು ಅವನು ಹಲ್ಲು ಬಿಟ್ಟು ನಕ್ಕ.

ಅಡಿವೆವ್ವ ಒರೆಯನ್ನು ಕಸಿದುಕೊಂಡು ತಿರುವಿ ನೋಡಿದಳು. "ಈ ಹೊಲಿಗಿ ಸೊಟ್ಟ ಐತಲ್ಲಾ?"

ಜಂಗ್ಲಿಸಾಬ ತೊಗಲು ಕೊಯ್ಯುವ ರಂಪಿಗೆಯನ್ನು ಕೆಳಗೆ ಕುಕ್ಕಿದ. "ತಗೊಂಡು ನಡಿ ನಮ್ಮವ್ವಾ! ನಿನಗ ಕೈಮುಗೀತೀನಿ. ಇನ್ನ ಒಂದ ಮಾತು, ಆ ಚೀಲಕ್ಕ ಮಾತ್ರ..."

"ಗೊತ್ತೈತಿ ಬಿಡು. ತೊಗಲು ನಾವೇನು ಹೊಸದಾಗಿ ನೋಡಾಕತ್ತಿಲ್ಲ," ಎಂದು ಅವಳು ಕಟ್ಟೆ ಇಳಿದಳು.

ಅವಳ ತವರಿನಲ್ಲಿ ಹೊಸ ತೊಗಲನ್ನು ಎಣ್ಣೆ ಹಚ್ಚದೆ ಹೊರಗೆ ಒಯ್ಯುತ್ತಿರಲಿಲ್ಲ. ಚಪ್ಪಲಿಗೂ ಎಣ್ಣೆ, ಬಾರುಕೋಲಿಗೂ ಎಣ್ಣೆ, ನಾಯಿಯ ಕೊರಳಪಟ್ಟಿಗೂ ಎಣ್ಣೆ. ಗಂಡ ಹೊರಡುವ ಮುನ್ನಾದಿನ ಅವಳು ಕುಸುಬಿ ಎಣ್ಣೆ ಬಿಸಿಮಾಡಿ ಒರೆಯ ಒಳಗೂ ಹೊರಗೂ, ಚೀಲದ ಮೂಲೆಮೂಲೆಗೂ ತಿಕ್ಕಿ, ಬಿಸಿಲಿಗಿಟ್ಟು, ಕುಡಿದಷ್ಟೂ ಕುಡಿಸಿದಳು. ಸಂಜೆ ಹತ್ತಿ ತುಂಬಿದಳು. ಅವರ ಮನೆಯಲ್ಲಿ ಹತ್ತಿ ಇರುತ್ತಿದ್ದದ್ದು ಬಿದಿರಿನ ನಳಿಕೆಯಲ್ಲಿ. ಅದು ಎಣ್ಣೆ ಕುಡಿದ ತೊಗಲಿಗೆ ತಾಗಿದ್ದು ಇದೇ ಮೊದಲು.

ಹೋಳಿಹುಣ್ಣಿಮೆಗೆ ಮೊದಲೇ ಉಡಚಪ್ಪ ಬರಿಗೈಯಲ್ಲಿ ತಿರುಗಿ ಬಂದ. ಕೊಣ್ಣೂರು ಮುಟ್ಟಿದ ಮೊದಲ ಸಂಜೆ ಎರೆಹೊಲದಲ್ಲಿ ಹಿಂಡು ನಿಲ್ಲಿಸಿದ್ದನಂತೆ. ಹೊತ್ತು ಮುಳುಗುವಾಗ ಹೊಳೆಯ ಕೊರಕಲಿನಿಂದ ತೋಳಗಳು ಮೇಲೆ ಬಂದವು. ಒಟ್ಟಿದ ಜಾಲಿಮುಳ್ಳಿಗೆ ಬೆಂಕಿ ಹಚ್ಚಲು ಕೂತು ಕುಟ್ಟಿದ. ಕಿಡಿ ಹಾರಿದವು, ಹತ್ತಿ ಹೊತ್ತಲಿಲ್ಲ. ಜೋರಾಗಿ ಕುಟ್ಟಿದ. ಮೆತ್ತಗಾಗಿದ್ದ ತೊಗಲಿನಿಂದ ಕಲ್ಲು ಜಾರಿ ಎರೆಮಣ್ಣಿನ ಬಿರುಕಿನೊಳಗೆ ಬಿತ್ತು. ಪಕ್ಕದ ಹೊಲದಲ್ಲಿದ್ದ ಅಣ್ಣನ ಹಟ್ಟಿಗೆ ಕೊಳ್ಳಿ ಕೇಳಲು ಓಡಿದ. ಅಲ್ಲಿ ಅಂದು ಕುರಿ ಈದಿತ್ತು. ಕುರಿ ಈದ ದಿನ ಹಟ್ಟಿಯಿಂದ ಬೆಂಕಿ ಹೊರಗೆ ಕೊಡುವುದಿಲ್ಲ. ಅಣ್ಣ ಕೊಳ್ಳಿ ಕೊಡಲಿಲ್ಲ, ಬಡಿಗೆ ಹಿಡಿದು ತಾನೇ ಓಡಿಬಂದ. ಅಷ್ಟರಲ್ಲಿ ತಡವಾಗಿತ್ತು.

ಅಡಿವೆವ್ವ ಗಂಡನನ್ನು ಬಯ್ಯಲೂ ನಿಲ್ಲಲಿಲ್ಲ. ತುಂಬಿದ ಹೊಟ್ಟೆ ಹೊತ್ತುಕೊಂಡು ಅಂಗಡಿಗೆ ನಡೆದು, ಒರೆಯನ್ನು ಜಂಗ್ಲಿಸಾಬನ ಮುಂದೆ ಒಗೆದಳು.

"ನೋಡು ನಿನ್ನ ಕೆಲಸಾ!"

ಅವನು ಚೀಲದೊಳಗೆ ಬೆರಳು ಹಾಕಿದ, ಮೂಸಿದ. "ಇದಕ್ಕ ಎಣ್ಣಿ ಹಚ್ಚಿದವರು ಯಾರು?"

"ನಾನ. ತೊಗಲಿಗೆ ಎಣ್ಣಿ ಹಚ್ಚದ ಇರ್ತಾರೇನು?"

"ಹತ್ತಿ ಇಡೂ ಚೀಲಕ್ಕ? ಕಲ್ಲ ಹಿಡಿಯೂ ಬಾಯಿಗೆ? ಎಣ್ಣಿ ಕುಡದ ಹತ್ತಿ ಕಿಡಿ ಹಿಡಿಯೂದಿಲ್ಲವಾ. ಅಯ್ಯ ಪುಣ್ಯಾತಗಿತ್ತಿ!"

"ಹಚ್ಚಬ್ಯಾಡ ಅಂತ ಹೇಳಬೇಕಿತ್ತಿಲ್ಲೊ?"

"ನೀ ಹೇಳಾಕ ಎಲ್ಲೆ ಬಿಟ್ಟಿ?"

ಅವಳು ಕಟ್ಟೆಯ ಮೇಲೆ ಕೂತು ಸೆರಗಿನಿಂದ ಮೋರೆಯ ಬೆವರು ಒರೆಸಿಕೊಂಡಳು.

"ಎಷ್ಟ ಹೋದವು?" ಎಂದು ಕೇಳಿದ ಜಂಗ್ಲಿಸಾಬ.

"ಉಳದವು ಭಾವನ ಹಿಂಡಿನಾಗ ಕೂಡ್ಯಾವು," ಅಂದಳು ಅಡಿವೆವ್ವ. "ಹೋಗಿದ್ದು ಏಳು ಕುರಿ, ಹನ್ನೊಂದು ಮರಿ, ಒಂದು ನಾಯಿ."