ದಪ್ಪ ಅಕ್ಷರದ ಲಿನಕ್ಸ್

ನನ್ನ ಗಂಡ ನನ್ನನ್ನು ಒಂದೇ ನೋಟಕ್ಕೆ ಒಪ್ಪಿದವರು. ಮನೆಯ ಸರ್ವರ್ ಕಂಪ್ಯೂಟರಿಗೆ ಹತ್ತಾರು ಬಗೆಯ ಲಿನಕ್ಸ್‌ಗಳಲ್ಲಿ ಯಾವುದನ್ನು ಹಾಕಬೇಕು ಅನ್ನುವುದಕ್ಕೆ ಮಾತ್ರ ಚಳಿಗಾಲ ಪೂರ್ತಿ ಯೋಚಿಸಿದರು. ಇವತ್ತು ಒಂದನ್ನು ಅಟ್ಟಕ್ಕೇರಿಸುವುದು, ನಾಳೆ ಅದರಲ್ಲೇ ಹುಳುಕು ಹುಡುಕುವುದು. ನನಗೋ ಮೈಯೆಲ್ಲ ಉರಿ.

ನಾನು ಆಡಿಯೋ ಪುಸ್ತಕಗಳ ಧ್ವನಿ ಸಂಕಲನ ಮಾಡುವವಳು. ಇಷ್ಟು ವರ್ಷದ ಕೆಲಸವೆಲ್ಲ ಕಪಾಟಿನ ಮೇಲಿನ ಆ ಹಳೆಯ ಸರ್ವರ್ ಪೆಟ್ಟಿಗೆಯಲ್ಲಿದೆ. ಅದಕ್ಕೆ ಮೌಸ್ ಇಲ್ಲ, ಚಿತ್ರಗಳಿಲ್ಲ. ಬರೀ ಕಮಾಂಡ್ ಟೈಪ್ ಮಾಡಿ ನಡೆಸುವುದು. ನನ್ನ ಕಣ್ಣು ಮಂದವಾಗುತ್ತಿದೆ, ಡಾಕ್ಟರು ಕೈಚೆಲ್ಲಿದ್ದಾರೆ ಎಂಬುದು ಇವರಿಗೂ ಗೊತ್ತು. ಎಷ್ಟು ಮಂದ ಎನ್ನುವುದನ್ನು ಮಾತ್ರ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ. ಅಕ್ಷರಗಳು ನನಗೆ ಈಗ ಕಾಣುವುದೇ ಇಲ್ಲ.

"ಡೆಬಿಯನ್ ಅನ್ನೋ ಲಿನಕ್ಸೇ ಹಾಕಿ ಸಾಕು," ಅಂದೆ.

"ಯಾಕೆ?"

ಯಾಕೆಂದರೆ ಅದು ಮಾತಾಡುತ್ತದೆ. ಇನ್‌ಸ್ಟಾಲ್ ಮಾಡುವಾಗ ಬೀಪ್ ಬಂದ ಕೂಡಲೇ ಎಸ್ ಒತ್ತಿ ಎಂಟರ್ ಹೊಡೆದರೆ ಮೊದಲ ಸಾಲಿನಿಂದಲೇ ಓದಿ ಹೇಳುತ್ತದೆ. ಆಮೇಲೆ ಯಾರ ಹಂಗೂ ಬೇಡ. ಹಾಗಂತ ಹೇಳಿದರೆ ಗುಟ್ಟು ರಟ್ಟಾಗುತ್ತಿತ್ತು. ಗೊತ್ತಾದ ದಿನದಿಂದ ಇವರು ನನ್ನ ಕೈ ಹಿಡಿದು ನಡೆಸುತ್ತಾರೆ, ನನ್ನದು ಅನ್ನುವ ಕೆಲಸ ಒಂದೂ ಉಳಿಯುವುದಿಲ್ಲ ಎಂದು ನನಗೆ ಹೆದರಿಕೆ.

"ಹಳೇದು, ನಂಬಬಹುದು," ಅಂದೆ.

"ಹಳೇದು ಅಂತಾನೇ ಬೇಡ ಕಣೇ."

ಭಾನುವಾರ ಬೆಳಿಗ್ಗೆ ಇವರು ಕೊನೆಗೂ ಒಂದನ್ನು ಹಾಕಿದರು. ಡೆಬಿಯನ್ ಅಲ್ಲ. ಕುರ್ಚಿ ಎಳೆದು ತಿರುಗಿಸಿ ನನ್ನನ್ನು ಕೂರಿಸಿದರು.

"ಇಷ್ಟು ದಿನ ಯಾಕೆ ಒದ್ದಾಡ್ದೆ ಗೊತ್ತಾ? ಯಾವುದ್ರಲ್ಲಿ ಅಕ್ಷರ ಎಲ್ಲಕ್ಕಿಂತ ದಪ್ಪಗೆ ಬರತ್ತೆ ಅಂತ ಒಂದೊಂದೇ ಹಾಕಿ ನೋಡ್ದೆ. ನಿನಗೋಸ್ಕರ."

ಇದಕ್ಕಾ ನಾನು ಇಷ್ಟು ದಿನ ಇವರನ್ನು ಬೈದುಕೊಂಡದ್ದು?

"ಓದು, ಏನು ಬರ್ದಿದೆ?"

ಎದುರಿಗೆ ಮಬ್ಬು ಬಿಟ್ಟು ಬೇರೇನೂ ಇರಲಿಲ್ಲ. ಆನ್ ಮಾಡಿದರೆ ಮೊದಲು ಕೇಳುವುದು ಲಾಗಿನ್ ತಾನೇ.

"ಲಾಗಿನ್ ಅಂತಿದೆ. ಚೆನ್ನಾಗಿ ಕಾಣತ್ತೆ ರೀ," ಎಂದು ನನ್ನ ಹೆಸರು, ಪಾಸ್‌ವರ್ಡ್ ಟೈಪ್ ಮಾಡತೊಡಗಿದೆ. ಬೆರಳು ಎಲ್ಲೂ ತಪ್ಪಲಿಲ್ಲ.

ಇವರು ನನ್ನ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದು ಕೂತರು.

"ಬಾಯಿಬಡುಕಿ ಅಂತ ಬರ್ದಿದ್ದೆ ಕಣೇ," ಅಂದರು. "ಸ್ಕ್ರೀನ್ ತುಂಬ. ಓದಿದ್ರೆ ನೀನು ಬೈಬೇಕಿತ್ತು."

ಕೀಬೋರ್ಡಿನ ಮೇಲಿಂದ ಕೈ ತೆಗೆದೆ.

"ಡೆಬಿಯನ್ ಅಂದಿದ್ದು ಇದಕ್ಕಾ?"

"ಹೂಂ. ಅದು ಓದಿ ಹೇಳತ್ತೆ."

"ನಾನಿಲ್ವಾ, ಓದಿ ಹೇಳೋಕೆ?"

ಚಳಿಗಾಲವೆಲ್ಲ ನಾನು ಹೆದರಿದ್ದು ಈ ಒಂದು ಮಾತಿಗೆ. ಅದನ್ನೂ ಇವರು ಪ್ರೀತಿಯಿಂದಲೇ ಅಂದದ್ದು; ನಾನು ಜಗಳವಾಡುವುದಾದರೂ ಯಾರ ಜೊತೆ? ಎದ್ದು ಹೊರಗೆ ಹೋಗೋಣವೆಂದು ನಿಂತೆ. ಕುರ್ಚಿ ತಿರುಗಿಸಿದ್ದರಿಂದ ಬಾಗಿಲು ಯಾವ ಕಡೆ ಎಂದು ತಿಳಿಯಲಿಲ್ಲ.

ಇವರ ದನಿ ಬಂದ ಕಡೆಗೆ ಕೈ ಚಾಚಿದೆ.