ಎಡಗಡೆಯ ಹೆಸರು

ಶಾಲೆಯ ಸಮವಸ್ತ್ರದ ಹೊಲಿಗೆ ಶುರುವಾಗುವ ವಾರ, ಅವಳು ಕಾಗದ ತರಲು ಹೋಗಿದ್ದ ಹೊತ್ತಿನಲ್ಲಿ, ಮೈದುನ ಅಂಗಡಿಗೆ ಬಂದು ಫ್ರಾಂಕಿಂಗ್ ಮಷೀನನ್ನು ಎತ್ತಿಕೊಂಡು ಹೋದ. ಅವಳು ತನ್ನ ಹೆಸರಿನಲ್ಲಿ ಲೀಸಿಗೆ ಪಡೆದಿದ್ದ ಮಷೀನು. ಬಾಡಿಗೆ ಬಾಕಿ ಇರಲಿಲ್ಲ. ಸಂಜೆಗೆ ಅದು ಹಿಂದಿನ ಬೀದಿಯ ಸಗಟು ವ್ಯಾಪಾರಿಯ ಮೇಜಿನ ಮೇಲಿತ್ತು.

ಅವಳದು ಹೊಲಿಗೆ ನಮೂನೆಗಳ ವ್ಯಾಪಾರ. ಅಂಗಿ, ಲಂಗ, ಚಡ್ಡಿಗಳ ಅಳತೆಯನ್ನು ತೆಳುಗಾಗದದಲ್ಲಿ ಕತ್ತರಿಸಿ, ಮಡಿಸಿ, ಕವರಿಗೆ ಹಾಕಿ ದೂರದೂರದ ಟೈಲರ್‌ಗಳಿಗೆ ಅಂಚೆಯಲ್ಲಿ ಕಳಿಸುವುದು. ಗಂಡ ಸತ್ತ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಶುರುಮಾಡಿದ್ದಳು. ಟೈಲರ್‌ಗಳು ಅವಳನ್ನು ನಮೂನೆಯಕ್ಕ ಅನ್ನುತ್ತಿದ್ದರು. ಅಕ್ಕನ ಕಾಗದವಿಟ್ಟು ಕಣ್ಣುಮುಚ್ಚಿ ಕತ್ತರಿ ಹಾಕಬಹುದು ಅನ್ನುವಷ್ಟು ನಂಬಿಕೆ. ಅವಳ ಆಸ್ತಿ ಅಂದರೆ ಅದೊಂದೇ.

ಅಂಚೆಚೀಟಿ ಅಂಟಿಸುವ ಬದಲು ಕವರಿನ ಮೇಲೆ ಕೆಂಪು ಮುದ್ರೆ ಒತ್ತುವ ಆ ಮಷೀನನ್ನು ತಂದುಕೊಟ್ಟವನೂ ಮೈದುನನೇ. ಲೀಸ್ ಕಂಪನಿಯ ಏಜೆಂಟ. ಮುದ್ರೆಯ ಬಲಗಡೆ ಅಂಚೆ ದರ, ತಾರೀಖು. ಎಡಗಡೆ ಅವಳ ಅಂಗಡಿಯ ಹೆಸರು, ವಿಳಾಸ, ಪುಟ್ಟದೊಂದು ಕತ್ತರಿಯ ಚಿತ್ರ. ಮೊದಲ ಕವರು ಹೊರಬಿದ್ದಾಗ ಅವಳು ಶಾಯಿ ಆರುವ ತನಕ ಅದನ್ನು ಕೆಳಗಿಟ್ಟಿರಲಿಲ್ಲ.

"ಅವರೂ ನಮೂನೆ ಮಾರೋರೇ, ದಿನಕ್ಕೆ ಮೂಟೆಗಟ್ಟಲೆ ಕವರು, ಅತ್ತಿಗೆ. ನಿಮ್ಮದೆಷ್ಟು?" ಅಂದ ಮೈದುನ, ಕೇಳಲು ಹೋದವಳಿಗೆ. "ಮಷೀನು ಓಡಿದಷ್ಟೂ ಕಂಪನಿಗೆ ಲಾಭ. ನಿಮಗೇನು, ನಾಲಿಗೆ ಇದೆಯಲ್ಲ, ಚೀಟಿ ನೆಕ್ಕಿ ಅಂಟಿಸಿ."

"ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?"

"ಮನೆಯವರನ್ನ ಕೇಳೋದೇನು ಅತ್ತಿಗೆ, ಹೊರಗಿನವರ ಹಾಗೆ."

ಮನೆಯವರು. ಕಿತ್ತುಕೊಳ್ಳುವಾಗ ಮಾತ್ರ ನೆನಪಾಗುವ ನೆಂಟಸ್ತಿಕೆ. ಅವಳು ಚೀಟಿ ನೆಕ್ಕಿದಳು. ಬಾಯೆಲ್ಲ ಅಂಟು; ಊಟವೂ ಅದೇ ರುಚಿ. ಪಕ್ಕದಲ್ಲಿ ಕೂತು ಕವರು ಮಡಿಸುತ್ತಿದ್ದ ಅತ್ತೆ, "ಅವನಿಗೂ ಮೇಲಿನವರ ಕಾಟ ಕಣೇ, ಪಾಪ" ಅಂದರು. ಅವಳು ಮುಂದಿನ ಚೀಟಿ ನೆಕ್ಕಿದಳು. ಒಳಗೊಳಗೇ ಹಲ್ಲು ಮಸೆದಳು.

ಒಂದು ಮಧ್ಯಾಹ್ನ ದೂರದೂರಿನ ಮುದುಕ ಟೈಲರೊಬ್ಬ ಬಂದವನೇ ಗಂಟು ಬಿಚ್ಚಿ ಮಕ್ಕಳ ಅಂಗಿಗಳನ್ನು ಮೇಜಿನ ಮೇಲೆ ಸುರಿದ.

"ನಿನಗೆ ನಾನೇನು ಅನ್ಯಾಯ ಮಾಡಿದ್ದೆ, ನಮೂನೆಯಕ್ಕ? ಇಡೀ ಶಾಲೆಯ ಬಟ್ಟೆ ಇದು. ಹಾಕಿದ ಮಗು ಕೈ ಎತ್ತಿದರೆ ಕಂಕುಳು ಹರೀತದೆ. ನಿನ್ನ ಕತ್ತರಿಗೇನು ದೆವ್ವ ಹಿಡಿದಿದೆಯಾ?"

ಅವನು ಚಾಚಿದ ನಮೂನೆಯನ್ನು ಅವಳು ಮುಟ್ಟಿ ನೋಡಿದಳು. ದಪ್ಪ ಕಾಗದ, ಒರಟು ಅಂಚು, ಕಂಕುಳಿನ ತಿರುವನ್ನೇ ನುಂಗಿದ ಕತ್ತರಿಕೆ. ಅವಳದಲ್ಲ. ಕವರನ್ನು ತಿರುಗಿಸಿದಳು. ಎಡಗಡೆ ಅವಳ ಹೆಸರು, ಅವಳ ಪುಟ್ಟ ಕತ್ತರಿ, ಕೆಂಪಗೆ.

ಮಷೀನು ಕೈ ಬದಲಾದರೆ ಅಂಚೆ ಕಚೇರಿಗೆ ತಿಳಿಸಬೇಕು, ಎಡಗಡೆಯ ಅಚ್ಚು ಕಳಚಿ ಹೊಸದು ಕೂರಿಸಬೇಕು. ಮೈದುನನ ಅವಸರದಲ್ಲಿ ಅದಕ್ಕೆಲ್ಲಿಯ ಪುರಸೊತ್ತು? ವ್ಯಾಪಾರಿಯ ಆಳುಗಳು ದರ, ತಾರೀಖು ಸರಿಯಿದೆಯೇ ಎಂದಷ್ಟೇ ನೋಡಿ ಕವರು ತಳ್ಳುತ್ತಿದ್ದರು. ಎಡಗಡೆಗೆ ಯಾರ ಕಣ್ಣೂ ಹೋಗಿರಲಿಲ್ಲ. ಕೇಳದವರಿಗೂ ವ್ಯಾಪಾರಿ ಕಳಿಸುತ್ತಿದ್ದ ಕಸವೆಲ್ಲ ಅವಳ ಹೆಸರು ಹೊತ್ತು ಊರೂರು ಸುತ್ತುತ್ತಿತ್ತು.

ಮೈದುನನಿಗೆ ಒಂದು ಮಾತು ಹೇಳಿದ್ದರೆ ರಾತ್ರೋರಾತ್ರಿ ಅಚ್ಚು ಬದಲಾಗಿ ಎಲ್ಲ ಮುಚ್ಚಿಹೋಗುತ್ತಿತ್ತು. ಅವಳು ಹೇಳಲಿಲ್ಲ. ಮುದುಕನಿಗೆ ನೀರು ಕೊಟ್ಟಳು, ಚಪ್ಪಲಿ ಮೆಟ್ಟಿದಳು, ಅವನನ್ನು ಗಂಟಿನ ಸಮೇತ ಕರೆದುಕೊಂಡು ನೆಟ್ಟಗೆ ಅಂಚೆ ಕಚೇರಿಗೆ ನಡೆದಳು.

ಮರುದಿನ ವ್ಯಾಪಾರಿಯ ಮೂಟೆಗಳನ್ನು ಅಂಚೆಯವರು ತಡೆಹಿಡಿದರು. ಮಷೀನಿಗೆ ಅರಗಿನ ಮೊಹರು ಬಿತ್ತು. ಕವರು ತುಂಬಿದ ಗಾಡಿ ಬೀದಿಯಲ್ಲಿ ಹಿಂದಕ್ಕೆ ಬರುವುದನ್ನು ಅವಳು ಹೊಸ್ತಿಲಲ್ಲಿ ನಿಂತು ನೋಡಿದಳು. ಅಯ್ಯೋ ಅನ್ನಿಸಲಿಲ್ಲ. ಹೊಟ್ಟೆ ತಣ್ಣಗಾಯಿತು.

ಅಂದೇ ಸಂಜೆ ಮೈದುನ ಓಡಿಬಂದ. ಅವನ ಹಿಂದೆ ಸಗಟು ವ್ಯಾಪಾರಿ, ಬೆವರು ಒರೆಸಿಕೊಳ್ಳುತ್ತ.

"ಅತ್ತಿಗೆ, ವಿಚಾರಣೆಗೆ ಅಂಚೆ ಇನ್‌ಸ್ಪೆಕ್ಟರ್ ಬರ್ತಿದಾರೆ. ಮಷೀನನ್ನ ನಾನೇ ಇವರಿಗೆ ಕೊಟ್ಟಿದ್ದೆ, ನನ್ನ ಹೆಸರಿನ ಅಚ್ಚು ಅದರಲ್ಲೇ ಇದ್ದದ್ದೂ ನನಗೆ ಗೊತ್ತಿತ್ತು ಅಂತ ನೀವು ಅಂದುಬಿಡಿ. ನಾಳೆಯೇ ನಿಮ್ಮ ಮೇಜಿನ ಮೇಲೆ ತಂದಿಡ್ತೀನಿ."

"ಆ ಅಂಗಿಗಳು?"

"ಯಾವ ಅಂಗಿ?"

"ಕಂಕುಳು ಹರಿದ ಅಂಗಿಗಳು. ಅವೂ ನನ್ನವೇ ಅನ್ನಬೇಕಾ?"

ವ್ಯಾಪಾರಿ ನಕ್ಕಂತೆ ಮಾಡಿದ. "ಮಕ್ಕಳ ಅಂಗಿ ಹರಿಯೋದು ಇದ್ದದ್ದೇ ಕಣಮ್ಮ. ನಾಲ್ಕು ದಿನ ಕಳೆದರೆ ಯಾರಿಗೆ ನೆನಪಿರತ್ತೆ?"

"ಟೈಲರ್‌ಗಳಿಗೆ. ನಿಮ್ಮ ಹೆಸರಲ್ಲಿ ಹರಿದಿದ್ದರೆ ನಿಮಗೂ ಇರ್ತಿತ್ತು."

"ನನ್ನ ಕೆಲಸ ಹೋಗುತ್ತೆ ಅತ್ತಿಗೆ." ಮೈದುನನ ದನಿ ಇಳಿಯಿತು. "ನಿಮ್ಮ ಕಾಲಿಗೆ ಬೀಳ್ತೀನಿ."

"ಬೀಳಬೇಡಪ್ಪ. ನೆಲದ ಮೇಲೆ ಕಾಗದ ಹರಡಿದೆ, ಮಡಿಕೆ ಹಾಳಾಗುತ್ತೆ."

ಅವನ ಮುಖ ಕಪ್ಪಿಟ್ಟಿತು. ನೋಡುತ್ತ ನಿಂತವಳಿಗೆ ತನ್ನ ನಿಷ್ಠುರಕ್ಕೆ ನಾಚಿಕೆಯಾಗಲಿಲ್ಲ. ಮಷೀನು ಬೇಕಿತ್ತು, ನಿಜ. ಅದಿಲ್ಲದೆ ಈ ಹಂಗಾಮು ಕೈಬಿಟ್ಟು ಹೋಗುತ್ತಿತ್ತು. ಆದರೆ ಹೂಂ ಅಂದರೆ ಆ ಕಸವೆಲ್ಲ ಅವಳದಾಗುತ್ತಿತ್ತು. ಆಮೇಲೆ ಮಷೀನು ತಂದಿಟ್ಟರೂ ಯಾವ ಟೈಲರ್ ಆ ಹೆಸರು ನೋಡಿ ಕವರು ಬಿಚ್ಚುತ್ತಾನೆ?

ಬಾಗಿಲಲ್ಲಿ ನೆರಳು ಬಿತ್ತು. ಇನ್‌ಸ್ಪೆಕ್ಟರ್ ಒಳಬಂದು ಒಬ್ಬೊಬ್ಬರ ಮುಖ ನೋಡಿ ಅವಳ ಎದುರು ನಿಂತರು. "ಮಷೀನನ್ನ ನೀವೇ ಇವರಿಗೆ ಕೊಟ್ಟಿದ್ದಂತೆ, ಹೌದಾ?"

ಅತ್ತೆ ಅವಳ ಮೊಣಕೈ ಹಿಡಿದರು. "ಹೌದು ಅನ್ನೇ. ನನ್ನ ಮಗ ಅವನು. ಒಂದೇ ಒಂದು ಮಾತು, ಹೌದು ಅಂದುಬಿಡು."

ಅವಳು ಅತ್ತೆಯ ಕೈಯನ್ನು ಮೆಲ್ಲಗೆ ಬಿಡಿಸಿದಳು.

"ಅನ್ನಲ್ಲ ಅತ್ತೆ," ಅಂದಳು. ಇನ್‌ಸ್ಪೆಕ್ಟರ್ ಕಡೆ ತಿರುಗಿ ಮೈದುನನತ್ತ ಬೆರಳು ತೋರಿದಳು. "ನಾನು ಕೊಟ್ಟಿಲ್ಲ. ಇವನು ಕದ್ದ."